ಬಿಳಿ ಗೋಡೆ, ಎರೆ ನಾಡು

ರಾಯಚೂರಿನ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಸಲು ಹೊರಟವರು ಈಗ ಗೌಂಡಿಯ ಮುಂದೆ ಮೊಬೈಲ್ ಹಿಡಿಯುತ್ತಾರೆ. ಪರದೆಯ ಮೇಲೆ ಅಚ್ಚ ಬಿಳಿ ಗೋಡೆ, ತಿಳಿ ಬಣ್ಣದ ಮರದ ನೆಲ, ಬೂದು ಬಣ್ಣದ ಒಂದೇ ಸೋಫಾ, ಮೂಲೆಯಲ್ಲೊಂದು ಕುಂಡ, ನೆಲದಿಂದ ಛತ್ತಿನವರೆಗೆ ಗಾಜು. 'ನಮಗ ಹಿಂತಾದು ಬೇಕು' ಎಂಬ ಮಾತು ಮಾನ್ವಿ, ದೇವದುರ್ಗ ಪಟ್ಟಣಗಳನ್ನು ಮುಟ್ಟಿ, ಮಾನ್ವಿ-ಸಿಂಧನೂರು ರಸ್ತೆಯ ಪೋತ್ನಾಳಕ್ಕೂ ಬಂದಿದೆ. ಭತ್ತದ ದುಡ್ಡು, ಬೆಂಗಳೂರು ಹೈದರಾಬಾದಿನಲ್ಲಿ ನೌಕರಿಗಿರುವ ಮಕ್ಕಳ ಸಂಬಳ ಎರಡೂ ಸೇರಿ ಈ ಆಸೆಗೆ ಬಲ ಕೊಟ್ಟಿವೆ. ಸ್ವೀಡನ್ನಿನ ಐಕಿಯಾ ಕಂಪನಿ ಭಾರತದ ತನ್ನ ಮೊದಲ ಮಳಿಗೆಯನ್ನು 2018ರ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ತೆರೆಯಿತು; ಬೆಂಗಳೂರಿನ ನಾಗಸಂದ್ರಕ್ಕೆ ಬಂದದ್ದು 2022ರ ಜೂನ್‌ನಲ್ಲಿ. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಹಾಗಾಗಿ ಈ ಗಾಳಿ ನಮ್ಮ ಕಡೆ ಬೇಗ ಬೀಸಿತು.

ಸ್ಕ್ಯಾಂಡಿನೇವಿಯಾದ ಸರಳ ಒಳಾಂಗಣ ಎಂದು ಕರೆಸಿಕೊಳ್ಳುವ ಈ ಶೈಲಿ ನಮ್ಮ ಬಿಸಿಲಿಗೆ, ಧೂಳಿಗೆ, ಅಡುಗೆಗೆ, ಸಂಪಾದನೆಗೆ ಒಗ್ಗುತ್ತದೆಯೇ ಎಂಬ ಪ್ರಶ್ನೆಗೆ ಎರಡು ಉತ್ತರ ಚಾಲ್ತಿಯಲ್ಲಿವೆ. ಇದೇ ಆಧುನಿಕತೆ, ಕಡಿಮೆ ಸಾಮಾನಿದ್ದರೆ ಮನಸ್ಸಿಗೂ ನೆಮ್ಮದಿ ಎನ್ನುವವರು ಒಂದು ಕಡೆ. ಅಲ್ಲಿನ ಚಳಿಯವರ ಮನೆ ನಮಗೇಕೆ, ನಮ್ಮ ಹಿರಿಯರ ಮಾಳಿಗೆ ಮನೆಯೇ ಸಾಕು ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಚಿತ್ರವನ್ನು ನೋಡಿ ಮಾತಾಡುತ್ತಿದ್ದಾರೆ, ಆ ಚಿತ್ರ ಹುಟ್ಟಿದ ಕಾರಣವನ್ನು ನೋಡಿಲ್ಲ ಎಂದು ನನ್ನ ಅನಿಸಿಕೆ. ಆದ್ದರಿಂದ ಕಾರಣದಿಂದಲೇ ಶುರು ಮಾಡೋಣ.

ಸ್ಟಾಕ್‌ಹೋಮ್ ಇರುವುದು 59 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರಿನಲ್ಲಿ ಅಲ್ಲಿ ಹಗಲು ಸುಮಾರು ಆರು ತಾಸು. ಆ ಆರು ತಾಸಿನ ಬೆಳಕೂ ಮಂಕು. ದೊಡ್ಡ ಕಿಟಕಿ, ಬಿಳಿ ಗೋಡೆ, ತಿಳಿ ಬಣ್ಣದ ಬರ್ಚ್ ಮತ್ತು ಪೈನ್ ಮರ ಇವೆಲ್ಲ ಆ ಕೊಂಚ ಬೆಳಕನ್ನು ಹಿಡಿದು ಕೋಣೆಯ ಮೂಲೆಗೆ ಮುಟ್ಟಿಸುವ ಉಪಾಯಗಳು. ಉಣ್ಣೆಯ ಹಾಸು, ದೀಪಗಳ ಗುಂಪು ಬಂದದ್ದೂ ಹೊರಗೆ ಕಾಲಿಡಲಾಗದ ಚಳಿಯಿಂದ. ರಾಯಚೂರು ಇರುವುದು 16 ಡಿಗ್ರಿಯಲ್ಲಿ. ವರ್ಷದ ಅತಿ ಚಿಕ್ಕ ದಿನದಲ್ಲೂ ನಮಗೆ ಹನ್ನೊಂದು ತಾಸು ಬೆಳಕುಂಟು. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಮಾಮೂಲು. ಅವರು ಬಿಸಿಲನ್ನು ಒಳಗೆ ಕರೆಯಬೇಕು, ನಾವು ಹೊರಗೆ ತಡೆಯಬೇಕು. ಪಡುವಣ ಗೋಡೆಗೆ ಉದ್ದಗಲ ಗಾಜು ಕೂರಿಸಿದ ಮನೆಯಲ್ಲಿ ಮಧ್ಯಾಹ್ನ ಮೂರರ ಮೇಲೆ ಪರದೆ ಎಳೆದು, ಲೈಟು ಹಾಕಿ, ಎಸಿ ಓಡಿಸಿ ಕೂರಬೇಕಾಗುತ್ತದೆ. ಗಾಜಿಗೂ ದುಡ್ಡು, ಪರದೆಗೂ ದುಡ್ಡು, ಕರೆಂಟಿಗೂ ದುಡ್ಡು.

ಹವಾಮಾನ ಅರ್ಧ ಕಾರಣ ಮಾತ್ರ. ಉಳಿದರ್ಧ ಬಡತನ. 19ನೇ ಶತಮಾನದ ಕೊನೆಗೆ ಸ್ವೀಡನ್ನಿನ ಪಟ್ಟಣಗಳಲ್ಲಿ ಕೂಲಿಕಾರರ ಕುಟುಂಬಗಳು ಒಂದು ಕೋಣೆ, ಒಂದು ಅಡುಗೆಮನೆಯಲ್ಲಿ ಕಿಕ್ಕಿರಿದು ಬದುಕುತ್ತಿದ್ದವು. ಎಲೆನ್ ಕೀ ಎಂಬ ಲೇಖಕಿ 1899ರಲ್ಲಿ 'ಎಲ್ಲರಿಗೂ ಸೌಂದರ್ಯ' ಎಂಬ ಅರ್ಥದ ಪುಸ್ತಿಕೆ ಬರೆದರು. ಸೌಂದರ್ಯ ಶ್ರೀಮಂತರ ಸ್ವತ್ತಲ್ಲ, ದಿನಬಳಕೆಯ ವಸ್ತು ತನ್ನ ಕೆಲಸ ಚೆನ್ನಾಗಿ ಮಾಡುತ್ತ ನೋಡಲೂ ಚೆನ್ನಾಗಿರಬೇಕು ಎಂಬುದು ಅವರ ವಾದ. 1928ರಲ್ಲಿ ಪೆರ್ ಅಲ್ಬಿನ್ ಹಾನ್ಸನ್ ಸಂಸತ್ತಿನಲ್ಲಿ ಇಡೀ ದೇಶವನ್ನೇ ಜನರ ಮನೆಯಾಗಿ ಕಾಣುವ ಮಾತಾಡಿದರು. ಆಮೇಲೆ ಪ್ರಧಾನಿಯೂ ಆದರು. 1930ರ ಸ್ಟಾಕ್‌ಹೋಮ್ ಪ್ರದರ್ಶನದಲ್ಲಿ ಗುನ್ನಾರ್ ಆಸ್ಪ್ಲುಂಡ್ ಮತ್ತು ಸಂಗಡಿಗರು ಕಡಿಮೆ ಖರ್ಚಿನ, ಬೆಳಕು-ಗಾಳಿಯ, ಅಲಂಕಾರವಿಲ್ಲದ ಮನೆಗಳನ್ನು ಜನರ ಮುಂದಿಟ್ಟರು. ಫಿನ್ಲೆಂಡಿನ ಆಲ್ವಾರ್ ಆಲ್ಟೊ 1933ರಲ್ಲಿ ರೂಪಿಸಿದ ಮೂರು ಕಾಲಿನ ಬರ್ಚ್ ಸ್ಟೂಲು ಒಂದರ ಮೇಲೊಂದು ಪೇರಿಸಿಡಲು ಬರುವಂಥದ್ದು. ಜಾಗ ಉಳಿಸುವ ಚಿಂತೆ ಅದರ ಕಾಲುಗಳಲ್ಲೇ ಇದೆ.

ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 1944ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಗೃಹ ಸಂಶೋಧನಾ ಸಂಸ್ಥೆ. ಅಲ್ಲಿನವರು ಅಡುಗೆ ಮಾಡುವ ಹೆಂಗಸರ ಕೆಲಸವನ್ನು ಗಮನಿಸಿ ಅಳೆದರು. ಪಾತ್ರೆ ತೊಳೆಯುವ ತೊಟ್ಟಿ ಎಷ್ಟು ಎತ್ತರ ಇದ್ದರೆ ಸೊಂಟ ನೋಯುವುದಿಲ್ಲ, ಮೇಲಿನ ಕಪಾಟಿಗೆ ಕೈ ಎಲ್ಲಿಯವರೆಗೆ ಎಟುಕುತ್ತದೆ, ಒಲೆಗೂ ನೀರಿಗೂ ನಡುವೆ ಎಷ್ಟು ಹೆಜ್ಜೆ ಎಂದೆಲ್ಲ ಲೆಕ್ಕ ಹಾಕಿದರು. ಆ ಲೆಕ್ಕವೇ ಮುಂದೆ ಅಡುಗೆಮನೆಯ ಅಳತೆಗಳ ರಾಷ್ಟ್ರೀಯ ನಿಯಮವಾಯಿತು. 1965ರಿಂದ 1974ರ ನಡುವೆ, ಸುಮಾರು 80 ಲಕ್ಷ ಜನರ ಆ ದೇಶ ಹತ್ತು ಲಕ್ಷ ಮನೆ ಕಟ್ಟಿತು. ಬಾಡಿಗೆ ಮನೆಯಲ್ಲೂ ಗೋಡೆಗೆ ಸೇರಿದ ಕಪಾಟು ಇರುತ್ತಿತ್ತು. ಬಾಡಿಗೆದಾರ ತಂದಿಡಬೇಕಾದ ಸಾಮಾನು ಸ್ವಲ್ಪ, ಆದ್ದರಿಂದಲೇ ಮನೆ ಬಯಲಾಗಿ ಕಾಣುತ್ತಿತ್ತು. ಚಿತ್ರದಲ್ಲಿ ನಮಗೆ ಕಾಣುವ ಖಾಲಿತನದ ಹಿಂದೆ ಹೀಗೆ ಕಣ್ಣಿಗೆ ಬೀಳದ ಕಪಾಟುಗಳಿವೆ, ಅವುಗಳ ಹಿಂದೆ ಸರಕಾರದ ಅಳತೆಗೋಲಿದೆ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಅವರ ಮನೆಗಳು ಯಾವತ್ತೂ ಬರೀ ಬಿಳಿಯಾಗಿರಲಿಲ್ಲ. ಚಿತ್ರಕಾರ ಕಾರ್ಲ್ ಲಾರ್ಸನ್ 1899ರಲ್ಲಿ ಪ್ರಕಟಿಸಿದ ತನ್ನ ಮನೆಯ ಚಿತ್ರಗಳಲ್ಲಿ ಕೆಂಪು, ಹಸಿರು ತುಂಬಿದೆ. ಅವನ ಹೆಂಡತಿ ಕಾರಿನ್ ನೇಯ್ದ ಬಟ್ಟೆಗಳಿವೆ. ಫಿನ್ಲೆಂಡಿನಲ್ಲಿ 1951ರಲ್ಲಿ ಶುರುವಾದ ಮಾರಿಮೆಕ್ಕೊ ಕಂಪನಿ ಹೆಸರು ಮಾಡಿದ್ದೇ ಗಾಢ ಬಣ್ಣದ ದೊಡ್ಡ ಹೂವಿನ ಬಟ್ಟೆಯಿಂದ. ಡೆನ್ಮಾರ್ಕಿನ 1950ರ ದಶಕದ ಹೆಸರಾಂತ ಕುರ್ಚಿ-ಮೇಜುಗಳಲ್ಲಿ ಎಷ್ಟೋ ಏಷ್ಯಾದಿಂದ ಹೋದ ತೇಗದವು, ಕಂದು ಬಣ್ಣದವು. ಬಿಳಿ-ಬೂದು ಎಂಬ ಎರಡೇ ಬಣ್ಣದ ಸೂತ್ರ ಮಾರಾಟಕ್ಕೆ ಅನುಕೂಲ ಎಂದು ಬಂದದ್ದು. ನಮ್ಮಲ್ಲಿ ಅದನ್ನೇ ಮೂಲ ಎಂದು ತಿಳಿದು ಕೌದಿಯನ್ನು ಟ್ರಂಕಿಗೆ ಹಾಕುತ್ತಿದ್ದಾರೆ. ಹಳೆ ಸೀರೆ, ಪಂಚೆ ಕೂಡಿಸಿ ಮನೆಯ ಹೆಂಗಸರು ಹೊಲಿದ ಕೌದಿ ಹಾಸಿಗೆಯ ಮೇಲೆ ಹರಡಿದ್ದರೆ ಕಾರಿನ್ ಲಾರ್ಸನ್ ಅದನ್ನು ಕಂಡು ಖಂಡಿತ ಸಂತೋಷಪಡುತ್ತಿದ್ದಳು.

ಈಗ ನಮ್ಮ ಭಾಗದ ಮನೆಗೆ ಬರೋಣ. ರಾಯಚೂರು ಸೀಮೆಯ ಹಳೆಯ ಮಾಳಿಗೆ ಮನೆಯನ್ನು ಅಳೆಯುತ್ತಿದ್ದುದು ಅಂಕಣದ, ಅಂದರೆ ಎರಡು ಕಂಬಗಳ ನಡುವಿನ ಜಾಗದ, ಲೆಕ್ಕದಲ್ಲಿ. ಕಲ್ಲು, ಮಣ್ಣಿನ ಗೋಡೆ ಒಂದೂವರೆ ಎರಡು ಅಡಿ ದಪ್ಪ. ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ, ಸೊಪ್ಪು, ಮಣ್ಣು, ಎಲ್ಲಕ್ಕೂ ಮೇಲೆ ನೀರು ಇಳಿಯಗೊಡದ ಸವಳು ಮಣ್ಣು. ಮುಂಗಾರಿಗೆ ಮೊದಲು ಮಾಳಿಗೆಗೆ ಹೊಸ ಮಣ್ಣು ಹಾಕುವುದು ವರ್ಷದ ಕೆಲಸ. ಕಿಟಕಿ ಕಡಿಮೆ, ಮಾಳಿಗೆಯಲ್ಲಿ ಗವಾಕ್ಷಿ. ಅದರಿಂದ ಬೆಳಕು ಇಳಿಯುತ್ತಿತ್ತು, ಬಿಸಿ ಗಾಳಿ, ಹೊಗೆ ಮೇಲೇರಿ ಹೋಗುತ್ತಿತ್ತು. ಗೋಡೆ ಹಗಲಿಡೀ ಬಿಸಿಲನ್ನು ಕುಡಿದು ಒಳಗೆ ಬಿಡುವ ಹೊತ್ತಿಗೆ ರಾತ್ರಿಯಾಗಿರುತ್ತಿತ್ತು. ಅಷ್ಟೊತ್ತಿಗೆ ಮನೆ ಮಂದಿ ಮಾಳಿಗೆಯ ಮೇಲೆ ಹಾಸಿಗೆ ಬಿಚ್ಚಿರುತ್ತಿದ್ದರು. ಮನೆಯ ಕಟ್ಟಡವೂ ಮಲಗುವ ರೂಢಿಯೂ ಒಂದಕ್ಕೊಂದು ಹೊಂದಿಕೊಂಡಿದ್ದವು.

ಒಳಗೆ ಹೊಕ್ಕರೆ ಪಡಸಾಲೆ ಬಯಲು. ಸಾಮಾನು ಎಲ್ಲಿ ಹೋಯಿತು? ಗೋಡೆಯಲ್ಲಿ. ಎರಡಡಿ ದಪ್ಪದ ಗೋಡೆಯಲ್ಲಿ ಒಂದಡಿ ಆಳದ ಗೂಡು ತೆಗೆಯುವುದು ಗೌಂಡಿಗೆ ಸುಲಭ. ದೀಪಕ್ಕೊಂದು ಚಿಕ್ಕ ಗೂಡು, ಲೆಕ್ಕದ ಪುಸ್ತಕಕ್ಕೆ ಕದವಿರುವ ಗೂಡು, ಎಲೆ-ಅಡಿಕೆಯ ತಾಟಿಗೊಂದು. ಬಾಗಿಲ ಪಕ್ಕ ಗೋಡೆಗೆ ಹುಗಿದ ಗಿಳಿಗೂಟಕ್ಕೆ ಅಂಗಿ, ಟವೆಲು, ಕಂಬಳಿ. ಅಡುಗೆಮನೆಯಲ್ಲಿ ತಲೆಗಿಂತ ಎತ್ತರಕ್ಕೆ ಗೋಡೆಯುದ್ದ ಓಡುವ ನಾಗಂದಿಗೆ, ಅದರ ಮೇಲೆ ಹಿತ್ತಾಳೆ, ತಾಮ್ರದ ಕೊಡಗಳ ಸಾಲು. ಜಂತಿಯಿಂದ ಇಳಿಬಿಟ್ಟ ನೆಲುವಿನಲ್ಲಿ ಹಾಲು, ಬೆಣ್ಣೆ. ವರ್ಷದ ಜೋಳ ನೆಲದಡಿಯ ಹಗೇವಿನಲ್ಲಿ. ಹಾಸಿಗೆ ಬೆಳಗಾದರೆ ಸುತ್ತಿ ಮೂಲೆಗೆ. ನೆಲಕ್ಕೆ ಸಗಣಿ ಸಾರಣೆ, ಉಳ್ಳವರ ಮನೆಯಲ್ಲಿ ಶಹಾಬಾದಿನ ಪರಸಿ. ಗೋಡೆಗೆ ಸುಣ್ಣ, ಕೆಳಗಿನ ಭಾಗಕ್ಕೆ ಕೆಮ್ಮಣ್ಣು, ಎರಡೂ ಕೂಡುವಲ್ಲಿ ಒಂದು ಕಾರಣಿ. ಕುಳಿತವರ ಬೆನ್ನು, ತಲೆಯೆಣ್ಣೆ ತಾಗುವ ಎತ್ತರಕ್ಕೆ ಕೆಂಪು, ಕೈ ತಾಗದ ಎತ್ತರಕ್ಕೆ ಬಿಳುಪು. ಇಂದಿನ ಬಿಳಿ ಗೋಡೆಯ ಮನೆಯಲ್ಲಿ ಮೊದಲ ಯುಗಾದಿಗೇ ಕಾಣುವ ಬೆನ್ನಿನ ಕಲೆಯನ್ನು ನೋಡಿದವರಿಗೆ ಆ ಕಾರಣಿ ಎಷ್ಟು ಬುದ್ಧಿವಂತಿಕೆಯದು ಎಂದು ಹೇಳಬೇಕಿಲ್ಲ.

ಹಾಗೆಂದು ಆ ಮನೆಯನ್ನು ಪೂಜಿಸುವುದು ಬೇಡ. ಅಡುಗೆಮನೆ ಕತ್ತಲು. ಹೊಗೆಯಲ್ಲಿ ಹೆಂಗಸರ ಕಣ್ಣು ಹಾಳಾದವು. ಎಷ್ಟೋ ಮನೆಗಳಲ್ಲಿ ತಲಬಾಗಿಲ ಒಳಗೇ ದನ ಕಟ್ಟುತ್ತಿದ್ದರು, ಸೊಳ್ಳೆ ತಪ್ಪಿದ್ದಲ್ಲ. ಜಡಿ ಮಳೆ ಹಿಡಿದರೆ ಮಾಳಿಗೆ ಸೋರುವ, ಗೋಡೆ ಕುಸಿಯುವ ಭಯ. ಬಚ್ಚಲು ಒಂದು ಮೂಲೆ, ಪಾಯಖಾನೆ ಇಲ್ಲವೇ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಐದಂಕಣದ ಮನೆ ಹೊಲ ಇದ್ದವರದು. ಹೊಲ ಇಲ್ಲದವರದು ಊರ ಅಂಚಿನ ಗುಡಿಸಲು. ಅವರಿಗೆ ಗೂಡೂ ಇರಲಿಲ್ಲ, ಹಗೇವೂ ಇರಲಿಲ್ಲ. ಹಳೆಯದೆಲ್ಲ ಸರಳವಾಗಿತ್ತು, ಸುಖವಾಗಿತ್ತು ಎನ್ನುವ ಪ್ರಬಂಧಗಳು ಈ ಮಾತನ್ನು ಮರೆಯುತ್ತವೆ.

ಸಿಮೆಂಟು, ಕಬ್ಬಿಣ ಕೈಗೆಟುಕಿದ ಮೇಲೆ ಸ್ಲ್ಯಾಬ್ ಬಂತು. ಸೋರದ ಛತ್ತು ಸಿಕ್ಕಿದ್ದು ಸಣ್ಣ ಸಂಗತಿಯಲ್ಲ, ಪ್ರತಿ ವರ್ಷ ಮಣ್ಣು ಹೊರುವ ಕೆಲಸ ತಪ್ಪಿತು. ಆದರೆ ಗೋಡೆ ಒಂಬತ್ತು ಇಂಚಿಗೆ ಇಳಿಯಿತು, ಒಳಗೋಡೆ ನಾಲ್ಕೂವರೆ ಇಂಚು. ಗೂಡು ತೆಗೆಯಲು ಆಳವೇ ಉಳಿಯಲಿಲ್ಲ. ಹಗೇವು ಮುಚ್ಚಿತು. ನಾಗಂದಿಗೆ ಕಿತ್ತರು. ಗೋಡೆಯೊಳಗಿದ್ದ ಸಾಮಾನೆಲ್ಲ ನೆಲಕ್ಕೆ ಇಳಿಯಿತು. ಅದಕ್ಕೆ ಮದುವೆಯಲ್ಲಿ ಬಂದ ತಿಜೋರಿ, ಮಂಚ, ಸೋಫಾ, ಶೋಕೇಸು, ಫ್ರಿಜ್ಜು, ಕೂಲರು ಸೇರಿದವು. ಕೋಣೆಯ ಮೂಲೆಯಲ್ಲಿ ಜೋಳದ ಚೀಲ, ಅಕ್ಕಿ ಚೀಲ, ಮಂಚದ ಅಡಿಯಲ್ಲಿ ಬೀಜ, ಗೊಬ್ಬರದ ಚೀಲ. ಇಕ್ಕಟ್ಟು ಹೆಚ್ಚಿದ್ದು ನಾವು ಆಸೆಬುರುಕರಾದದ್ದರಿಂದ ಎಂದು ಹೇಳುವವರಿದ್ದಾರೆ. ಆಸೆಯ ಪಾಲು ಇದ್ದೀತು. ದೊಡ್ಡ ಪಾಲು ತೆಳ್ಳಗಾದ ಗೋಡೆಯದು. ಇಟ್ಟುಕೊಳ್ಳುವ ಜಾಗವನ್ನು ಗೌಂಡಿಯ ಕೈಯಿಂದ ಕಳೆದುಕೊಂಡು, ಈಗ ಅದನ್ನೇ ಇಂಟೀರಿಯರ್ ಅಂಗಡಿಯಲ್ಲಿ ಪ್ಲೈವುಡ್ ರೂಪದಲ್ಲಿ ಚದರಡಿ ಲೆಕ್ಕಕ್ಕೆ ಕೊಳ್ಳುತ್ತಿದ್ದೇವೆ.

ಸಾಮಾನು ಕಡಿಮೆ ಮಾಡಿ ಎಂಬ ಉಪದೇಶಕ್ಕೂ ಒಂದು ಮಿತಿ ಇದೆ. ತಿಂಗಳ ಸಂಬಳ ಬರುವವನಿಗೆ, ಕೆಳಗಿಳಿದರೆ ಅಂಗಡಿ ಇರುವವನಿಗೆ ಖಾಲಿ ಕಪಾಟು ಸಾಧ್ಯ. ಕಾಲುವೆಯ ಕೊನೆ ಭಾಗಕ್ಕೆ ನೀರು ಬರುತ್ತದೋ ಇಲ್ಲವೋ ಎಂದು ಕಾಯುವ ಮಾನ್ವಿ ಕಡೆಯ ರೈತನಿಗೆ ಮನೆಯಲ್ಲಿರುವ ಹತ್ತು ಚೀಲ ಜೋಳವೇ ಧೈರ್ಯ. ಅವನ ಮನೆಯನ್ನು ಖಾಲಿ ಮಾಡಿಸಲು ಹೋಗಬಾರದು, ಜೋಳಕ್ಕೆ ಜಾಗ ಮಾಡಿಕೊಡಬೇಕು.

ಅಡುಗೆಮನೆಯ ಪ್ರಶ್ನೆ ಇನ್ನೂ ಸೂಕ್ಷ್ಮ. ಹೊಸ ಮಾದರಿಯ ಅಡುಗೆಕಟ್ಟೆಯ ಎತ್ತರ 32ರಿಂದ 34 ಇಂಚು. ನಿಂತು ಸಾರು, ಪಲ್ಯ ಮಾಡಲು ಅದು ಸರಿ. ಜೋಳದ ರೊಟ್ಟಿ ಬಡಿಯುವುದು ಬೇರೆ ಕೆಲಸ. ಹಿಟ್ಟನ್ನು ನಾದಿ, ಅಂಗೈಯಿಂದ ತಟ್ಟಿ ತಿರುಗಿಸುವಾಗ ಭುಜದ ಭಾರ ಕೆಳಗೆ ಬೀಳಬೇಕು. ಹಲಗೆ ಎತ್ತರದಲ್ಲಿದ್ದರೆ ತೋಳಿನ ಬಲವೊಂದೇ ಉಳಿದು ನಾಲ್ಕು ರೊಟ್ಟಿಗೇ ಹೆಗಲು ಸೋಲುತ್ತದೆ. ಹಾಗಾಗಿ ಲಕ್ಷಾಂತರ ಸುರಿದು ಮಾಡಿಸಿದ ಅಡುಗೆಮನೆ ಮುಂದಿದ್ದರೂ ರೊಟ್ಟಿ ಹಿತ್ತಲಲ್ಲೇ, ನೆಲದ ಒಲೆಯ ಮುಂದೆಯೇ ಆಗುತ್ತದೆ. ಸ್ವೀಡನ್ನಿನವರು ತಮ್ಮ ಹೆಂಗಸರ ಸೊಂಟವನ್ನು ಅಳೆದು ತಮ್ಮ ಕಟ್ಟೆ ಮಾಡಿದರು. ನಮ್ಮ ರೊಟ್ಟಿ ಬಡಿಯುವವಳ ಹೆಗಲನ್ನು ಅಳೆದು ಎರಡು ಎತ್ತರದ ಕಟ್ಟೆ ಮಾಡಿದರೆ ಅದು ಅವರಿಂದ ನಿಜವಾಗಿ ಕಲಿತಂತೆ. ಒಂದು ಕಡೆ ಗ್ಯಾಸಿನ ಒಲೆಗೆ, ಇನ್ನೊಂದು ಕಡೆ ಎಂಟು ಹತ್ತು ಇಂಚು ತಗ್ಗಿಸಿದ ರೊಟ್ಟಿ ಕಟ್ಟೆ, ಅದರ ಮೇಲೆ ಹೊಗೆ ಹೋಗಲು ಕಿಂಡಿ. ಖರ್ಚು ಹೆಚ್ಚೇನೂ ಇಲ್ಲ. ಕಟ್ಟುವ ಮೊದಲು ಮನೆಯಾಕೆಯನ್ನು ಕೇಳಬೇಕು, ಅಷ್ಟೆ.

ವಸ್ತುಗಳ ವಿಷಯ ಬೇಗ ಹೇಳಿ ಮುಗಿಸಬಹುದು. ನಾವು ನೆಲಕ್ಕೆ ಕೊಡದಿಂದ ನೀರು ಸುರಿದು ತೊಳೆಯುವವರು. ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿನ ಕಪಾಟಿನ ಬುಡ ಆ ನೀರು ಕುಡಿದು ಉಬ್ಬುತ್ತದೆ, ಒಮ್ಮೆ ಉಬ್ಬಿದರೆ ಸರಿಹೋಗುವುದಿಲ್ಲ. ತಿಳಿ ಮರಕ್ಕೆ ಗೆದ್ದಲು. ಕಪ್ಪು ನಲ್ಲಿಯ ಮೇಲೆ ಬೋರ್‌ವೆಲ್ಲಿನ ಗಡಸು ನೀರಿನ ಬಿಳಿ ಕಲೆ. ಎರೆ ಹೊಲದ ಧೂಳು, ಸುಗ್ಗಿಯಲ್ಲಿ ಭತ್ತದ ಹೊಟ್ಟು ಉಣ್ಣೆ ಹಾಸಿನಲ್ಲಿ ಸೇರಿದರೆ ಹೊರಬರುವುದಿಲ್ಲ; ಜಮಖಾನೆಯನ್ನು ಹೊರಗೆ ತಂದು ಝಾಡಿಸಿದರೆ ಮುಗಿಯಿತು. ಶಹಾಬಾದಿನ ಕಲ್ಲು ಹತ್ತಿರದ ಕಲಬುರಗಿ ಜಿಲ್ಲೆಯದೇ, ಬೂದು-ನೀಲಿ ಬಣ್ಣದ್ದು, ಕಾಲಿಗೆ ತಂಪು, ಬಳಸಿದಷ್ಟೂ ನುಣುಪು. ಚಿತ್ರದಲ್ಲಿರುವ ಬೂದು ಬಣ್ಣಕ್ಕೆ ಆಸೆ ಪಟ್ಟು ದೂರದ ಟೈಲ್ಸ್ ತರಿಸುವವರು ಒಮ್ಮೆ ಪರಸಿ ಕಲ್ಲಿನ ಅಂಗಡಿಗೆ ಹೋಗಿ ಬರಲಿ.

ಈ ಚರ್ಚೆಯಲ್ಲಿ ಯಾರೂ ಕರೆಯದ ಒಂದು ಪಕ್ಷವಿದೆ. ಬೆಂಗಳೂರಿನ ಬಹುಮಹಡಿ ಕಟ್ಟಡಗಳಲ್ಲಿ ಇಟ್ಟಿಗೆ ಹೊರುವ, ಸೆಂಟ್ರಿಂಗ್ ಕಟ್ಟುವ, ಗಾರೆ ಕಲಸುವ ಕೈಗಳಲ್ಲಿ ಬಹಳಷ್ಟು ದೇವದುರ್ಗ, ಲಿಂಗಸುಗೂರು, ಮಾನ್ವಿ ಕಡೆಯವು. ದೀಪಾವಳಿ ಕಳೆದ ಮೇಲೆ ತಾಂಡಾಗಳಿಂದ, ಊರುಗಳಿಂದ ಗಂಟುಮೂಟೆ ಕಟ್ಟಿ ಬಸ್ಸು ಹತ್ತುತ್ತಾರೆ. ಆ ನಯವಾದ ಬಿಳಿ ಕೋಣೆಗಳನ್ನು ಕಟ್ಟಿ ಮುಗಿಸುವವರು ತಾವು ಮಲಗುವುದು ತಗಡಿನ ಶೆಡ್ಡಿನಲ್ಲಿ. ಅವರ ಬಳಿ ಸಾಮಾನು ಕಡಿಮೆ. ಅದನ್ನು ಯಾರೂ ಶೈಲಿ ಎನ್ನುವುದಿಲ್ಲ. ಎಲೆನ್ ಕೀ ಬರೆದದ್ದು ಇಂಥವರ ಮನೆಯ ಬಗ್ಗೆ. ಅವರನ್ನು ಬಿಟ್ಟು ಉಳ್ಳವರ ಪಡಸಾಲೆಯ ಅಂದವನ್ನಷ್ಟೇ ನೋಡಿದರೆ ನಾವು ಆ ಚಳವಳಿಯ ಸಿಪ್ಪೆಯನ್ನು ತಂದು ತಿರುಳನ್ನು ಅಲ್ಲೇ ಬಿಟ್ಟಂತೆ.

ಹಾಗಾದರೆ ಏನು ಮಾಡಬಹುದು? ಎರಡಡಿ ಗೋಡೆ ಎಲ್ಲರಿಗೂ ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ 1985ರಲ್ಲಿ ಶುರುವಾದಾಗಿನಿಂದ ಹಾರುಬೂದಿ ನಮ್ಮ ಜಿಲ್ಲೆಯಲ್ಲೇ ರಾಶಿ ಬೀಳುತ್ತಿದೆ, ಅದರ ಇಟ್ಟಿಗೆಯೂ ಸಿಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರ, ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಗಟ್ಟಿಯಾಗಿ ರೂಪಿಸಿ ತೋರಿಸಿತು. ನಮ್ಮ ಎರೆ ಮಣ್ಣು ಒಂದೇ ಅದಕ್ಕೆ ಆಗುವುದಿಲ್ಲ, ಮರಳು ಮಿಶ್ರಿತ ಕೆಂಪು ಮಣ್ಣು ಬೇಕು. ಪಡುವಣ ಬದಿಗೆ ಮಲಗುವ ಕೋಣೆಯ ಬದಲು ಮೆಟ್ಟಿಲು, ಉಗ್ರಾಣ, ಬಚ್ಚಲು ಇಟ್ಟರೆ ಬಿಸಿಲನ್ನು ಅವೇ ತಡೆಯುತ್ತವೆ. ಎರಡು ಕೋಣೆಗಳ ನಡುವಿನ ಗೋಡೆಯೊಂದನ್ನು ಒಂದೂವರೆ ಅಡಿಗೆ ಹಿಗ್ಗಿಸಿ, ಎರಡೂ ಕಡೆಯಿಂದ ಗೂಡು ಮಾಡಿಸಿ ಕಡಪ ಕಲ್ಲಿನ ಹಲಗೆ ಕೂರಿಸಿದರೆ ಪ್ಲೈವುಡ್ ಕಪಾಟಿನ ಖರ್ಚಿನಲ್ಲಿ ಹೆಚ್ಚು ಪಾಲು ಉಳಿಯುತ್ತದೆ. ಗೆದ್ದಲೂ ಇಲ್ಲ, ನೀರಿನ ಭಯವೂ ಇಲ್ಲ. ಛತ್ತಿನ ಹತ್ತಿರ ಎದುರುಬದುರು ಕಿಂಡಿ ಬಿಟ್ಟರೆ ಬಿಸಿ ಗಾಳಿಗೆ ದಾರಿ. ಪಿಒಪಿ ಛತ್ತು ಆ ಕಿಂಡಿಗಳನ್ನೇ ಮುಚ್ಚುತ್ತದೆ, ಕೋಣೆಯನ್ನು ಕುಗ್ಗಿಸುತ್ತದೆ. ಬಿಳಿ ಬಣ್ಣಕ್ಕೆ ನಮ್ಮಲ್ಲಿ ಸರಿಯಾದ ಜಾಗ ಸ್ಲ್ಯಾಬಿನ ಮೇಲ್ಮೈ. ಪ್ರತಿ ಬೇಸಿಗೆಗೆ ಮೊದಲು ಅಲ್ಲಿ ದಪ್ಪಗೆ ಸುಣ್ಣ ಹೊಡೆದರೆ ಬಿಸಿಲು ಮೇಲಿಂದಲೇ ಹಿಂದಿರುಗುತ್ತದೆ, ರಾತ್ರಿಯ ಕಾವು ಇಳಿಯುತ್ತದೆ.

ಇವೆಲ್ಲ ಮನೆ ಕಟ್ಟುವಾಗಲೇ ಆಗಬೇಕಾದ ಕೆಲಸಗಳು. ಕಟ್ಟಿದ ಮೇಲೆ ಒಳಾಂಗಣದವರನ್ನು ಕರೆದರೆ ಅವರು ಮಾಡಬಲ್ಲದ್ದು ಬಣ್ಣ ಮತ್ತು ಹಲಗೆ ಮಾತ್ರ. ಮನೆ ಕಟ್ಟಿಸುತ್ತಿರುವ ಪೋತ್ನಾಳ, ಮಾನ್ವಿ, ದೇವದುರ್ಗದ ಬಂಧುಗಳಲ್ಲಿ ನನ್ನ ಕೋರಿಕೆ ಇಷ್ಟೇ: ನಕ್ಷೆ ಬರೆಸುವ ದಿನ ಸೋಫಾ ಎಲ್ಲಿ ಎಂದು ಕೇಳುವ ಮೊದಲು ಜೋಳದ ಚೀಲ, ಹಾಸಿಗೆ, ಕೊಡ, ಪುಸ್ತಕ ಎಲ್ಲಿ ಎಂದು ಕೇಳಿರಿ. ರೊಟ್ಟಿ ಬಡಿಯುವವರನ್ನು ಆ ಮಾತಿಗೆ ಕೂರಿಸಿರಿ. ಸರಕಾರಕ್ಕೂ ಒಂದು ಮಾತು. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯ ಮನೆಗೆ ಕನಿಷ್ಠ ಅಳತೆ 25 ಚದರ ಮೀಟರ್. ಅಷ್ಟು ಚಿಕ್ಕ ಮನೆಯಲ್ಲಿ ಸಾಮಾನು ನೆಲಕ್ಕಿಳಿದರೆ ಕಾಲಿಡಲು ಜಾಗವಿರುವುದಿಲ್ಲ. ಬೆಂಗಳೂರಿನ ಮನೆಗಳನ್ನು ಕಟ್ಟಿ ಊರಿಗೆ ಮರಳುವ ಕುಟುಂಬಗಳಿಗೆ ಮಂಜೂರಾತಿ ಪತ್ರದ ಜೊತೆಗೆ ಗೂಡು, ಅಟ್ಟ, ನಾಗಂದಿಗೆ, ಎದುರುಬದುರು ಕಿಂಡಿ ಇರುವ ಒಂದು ಒಳ್ಳೆಯ ನಕ್ಷೆಯನ್ನೂ, ಅದಕ್ಕೆ ಬೇಕಾದ ಹೆಚ್ಚಿನ ಹಣವನ್ನೂ ಕೊಡಿ.